78ರ ತಾಯಿಗೆ ಟ್ರಮಡಾಲ್: ಮಂಡಿನೋವು ತಗ್ಗಿದೆ, ಮೂಳೆ ಮುರಿತದ ಭಯ ಹೆಚ್ಚಿದೆ

ಹೇಮಾವತಿ_ದಂಡೆ (ಪ್ರಶ್ನೆ)

ನನ್ನ ತಾಯಿಯವರಿಗೆ ಈಗ 78 ವರ್ಷ, ತೂಕ 52 ಕಿಲೋ. ಎರಡೂ ಮಂಡಿಗಳು ಸವೆದಿವೆ. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಅವರು ಈವರೆಗೆ ಒಪ್ಪಿಲ್ಲ. ಹಲವು ವರ್ಷ ಅಸಿಕ್ಲೋಫೆನ್ಯಾಕ್ ಎಂಬ ಉರಿಯೂತ ನಿವಾರಕ ಮಾತ್ರೆಯ ಬಲದಲ್ಲಿಯೇ ಮನೆಗೆಲಸ, ದೇವಸ್ಥಾನ ಎಂದು ಓಡಾಡಿಕೊಂಡಿದ್ದರು. ಕಳೆದ ಬೇಸಿಗೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ 1.4 ಬಂದದ್ದರಿಂದ, ಆ ಬಗೆಯ ಮಾತ್ರೆಗಳು ಮೂತ್ರಪಿಂಡಕ್ಕೆ ಹಿತವಲ್ಲವೆಂದು ಮೂಳೆ ವೈದ್ಯರು ಅವನ್ನು ನಿಲ್ಲಿಸಿ, 37.5 ಮಿಲಿಗ್ರಾಂ ಟ್ರಮಡಾಲ್ ಮತ್ತು 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೂಡಿದ ಮಾತ್ರೆಯನ್ನು ದಿನಕ್ಕೆ ಮೂರರಂತೆ ಬರೆದುಕೊಟ್ಟರು. ನೋವು ನಿಜಕ್ಕೂ ತಗ್ಗಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಮೊದಲ ವಾರದಿಂದಲೇ ತಲೆ ಸುತ್ತು, ವಾಕರಿಕೆ ಮತ್ತು ಹಗಲಲ್ಲಿಯೂ ಜೋಂಪು ಶುರುವಾದವು. ತಲೆ ಸುತ್ತಿಗೆಂದು ನಮ್ಮೂರಿನ ಇನ್ನೊಬ್ಬ ವೈದ್ಯರು ಸಿನ್ನಾರಿಜಿನ್ ಸೇರಿಸಿದರು. ಇದಲ್ಲದೆ ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಕೂಡಿದ ಮಾತ್ರೆ ಬೆಳಿಗ್ಗೆ, ನಿದ್ರೆಗೆ 0.25 ಮಿಲಿಗ್ರಾಂ ಕ್ಲೋನಾಜೆಪಾಮ್ ರಾತ್ರಿ, ಇವೆರಡೂ ಬಹಳ ಹಿಂದಿನಿಂದ ನಡೆಯುತ್ತಿವೆ. ಇತ್ತೀಚೆಗೆ ನಡುರಾತ್ರಿ ಬಚ್ಚಲುಮನೆಗೆ ಹೋಗುವಾಗ ಕಾಲು ತೊಡರಿ ಗೋಡೆಗೆ ಆತುಕೊಂಡರು. ಬೀಳಲಿಲ್ಲ ಎಂಬುದಷ್ಟೇ ಸಮಾಧಾನ. ಎಪ್ಪತ್ತರ ಆಸುಪಾಸಿನಲ್ಲಿ ಹಿತ್ತಲಿನಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು.

ಟ್ರಮಡಾಲ್ ಸೇರಿದ ಓಪಿಯಾಯ್ಡ್ ಜಾತಿಯ, ಅಂದರೆ ಅಫೀಮಿನ ಬಗೆಯ, ನೋವುನಿವಾರಕಗಳಿಂದ ವಯಸ್ಸಾದವರಲ್ಲಿ ಮೂಳೆ ಮುರಿತ ಹೆಚ್ಚುತ್ತದೆ ಎಂದು ಅಲ್ಲಿ ಇಲ್ಲಿ ಓದಿದೆ. ಈ ಔಷಧ ಮೂಳೆಯನ್ನೇ ಟೊಳ್ಳು ಮಾಡುತ್ತದೆಯೋ, ಬೀಳುವಂತೆ ಮಾಡುತ್ತದೆಯೋ, ಅಥವಾ ನೋವಿರುವ ಮುದುಕರು ಹೇಗೂ ಬೀಳುತ್ತಾರೆ ಎಂಬ ಕಾರಣಕ್ಕೆ ಔಷಧದ ಮೇಲೆ ಅಪವಾದ ಬಂದಿದೆಯೋ ತಿಳಿಯುತ್ತಿಲ್ಲ. ಮಾತ್ರೆಯನ್ನು ನಾಳೆಯಿಂದಲೇ ನಿಲ್ಲಿಸಿಬಿಡೋಣ ಎಂದು ತಮ್ಮ ಹೇಳುತ್ತಿದ್ದಾನೆ. ನಿಲ್ಲಿಸಿದರೆ ಮತ್ತೆ ಮಂಚ ಹಿಡಿಯುತ್ತಾರೆ ಎಂಬ ಹೆದರಿಕೆ ನನಗೆ. ತಿಳಿದವರು ದಯವಿಟ್ಟು ಉತ್ತರಿಸಬೇಕು.

ಮುಪ್ಪಿನ_ವೈದ್ಯ (ಉತ್ತರ)

ನೀವು ಕೇಳಿರುವ ಮೂರೂ ಸಾಧ್ಯತೆಗಳಲ್ಲಿ ಒಂದೊಂದು ಪಾಲು ಸತ್ಯವಿದೆ, ಆದರೆ ಸಮಪಾಲಲ್ಲ. ಅದನ್ನು ಬಿಡಿಸಿ ಹೇಳಲು ಯತ್ನಿಸುತ್ತೇನೆ. ನಿಮ್ಮ ತಾಯಿಯವರನ್ನು ಕಣ್ಣಾರೆ ಕಾಣದ ನಾನು ಇಲ್ಲಿಂದ ಚಿಕಿತ್ಸೆ ಬರೆದುಕೊಡಲಾರೆ, ಆದ್ದರಿಂದ ಇದನ್ನು ನಿಮ್ಮ ವೈದ್ಯರೊಡನೆ ಮಾತಾಡಲು ಬೇಕಾದ ತಿಳಿವಳಿಕೆ ಎಂದಷ್ಟೇ ಭಾವಿಸಿ.

ಮೊದಲು ಅಂಕಿಗಳು. ಟ್ರಮಡಾಲ್ ಬಗ್ಗೆಯೇ ನೇರವಾಗಿ ನಡೆದ ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳಿಂದ 50 ವರ್ಷ ದಾಟಿದವರನ್ನು ಆರಿಸಿ, ಹೊಸದಾಗಿ ಟ್ರಮಡಾಲ್ ಆರಂಭಿಸಿದವರನ್ನು ಕೊಡೀನ್ ಎಂಬ ಇನ್ನೊಂದು ಓಪಿಯಾಯ್ಡ್ ಅಥವಾ ಬೇರೆ ನೋವುನಿವಾರಕ ಆರಂಭಿಸಿದವರೊಡನೆ, ಉಳಿದ ಕಾಯಿಲೆಗಳಲ್ಲಿ ಸಾಧ್ಯವಾದಷ್ಟು ಸರಿಹೊಂದಿಸಿ, ಒಂದು ವರ್ಷ ಹೋಲಿಸಿ ನೋಡಿದರು. ಸೊಂಟದ ಮೂಳೆ ಮುರಿತ ಟ್ರಮಡಾಲ್ ಗುಂಪಿನಲ್ಲಿ ವರ್ಷಕ್ಕೆ ಸಾವಿರಕ್ಕೆ 3.7, ಕೊಡೀನ್ ಗುಂಪಿನಲ್ಲಿ 2.9. ಉರಿಯೂತ ನಿವಾರಕಗಳಾದ ನ್ಯಾಪ್ರೊಕ್ಸೆನ್, ಐಬುಪ್ರೊಫೆನ್‌ಗಳೊಡನೆ ಹೋಲಿಸಿದಾಗ ಅಪಾಯ ಸುಮಾರು 1.7 ಪಟ್ಟು, ಅದೇ ಬಗೆಯ ಎಟೊರಿಕಾಕ್ಸಿಬ್‌ನೊಡನೆ ಹೋಲಿಸಿದಾಗ ಹೆಚ್ಚುಕಡಿಮೆ ಎರಡು ಪಟ್ಟು. ಇದಕ್ಕೂ ಮೊದಲು, 2010ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ಮತ್ತು ನ್ಯೂಜೆರ್ಸಿ ರಾಜ್ಯಗಳ ಸಂಧಿವಾತವಿರುವ ವೃದ್ಧರ ಮೇಲೆ ನಡೆದ ಅಧ್ಯಯನದಲ್ಲಿ, ಹಳೆಯ ಉರಿಯೂತ ನಿವಾರಕಗಳನ್ನು ಪಡೆದವರಿಗಿಂತ ಓಪಿಯಾಯ್ಡ್ ಪಡೆದವರಲ್ಲಿ ಮುರಿತದ ಅಪಾಯ ನಾಲ್ಕು ಪಟ್ಟಿಗೂ ಮೀರಿತ್ತು. ಅಲ್ಲಿದ್ದವರ ಸರಾಸರಿ ವಯಸ್ಸು 80ರ ಹತ್ತಿರ.

ಒಂದು ಕಡೆ ಕಾಲು ಪಾಲು ಹೆಚ್ಚು, ಇನ್ನೊಂದು ಕಡೆ ನಾಲ್ಕು ಪಟ್ಟು. ಈ ಅಂತರಕ್ಕೆ ಮುಖ್ಯ ಕಾರಣ ಯಾರೊಡನೆ ಹೋಲಿಸಿದರು ಎಂಬುದು. ನಿಮ್ಮ ತಾಯಿಯವರ ಉದಾಹರಣೆಯನ್ನೇ ತೆಗೆದುಕೊಳ್ಳಿ: ಮೂತ್ರಪಿಂಡ ಸೋತಿದೆ ಎಂಬ ಕಾರಣಕ್ಕಾಗಿಯೇ ಅವರು ಒಂದು ಗುಂಪಿನಿಂದ ಇನ್ನೊಂದಕ್ಕೆ ಬಂದವರು. ಹೃದಯ, ಮೂತ್ರಪಿಂಡ, ಹೊಟ್ಟೆ ಗಟ್ಟಿಯಿರುವವರಿಗೆ ಉರಿಯೂತ ನಿವಾರಕ ಸಿಗುತ್ತದೆ. ಇವು ದುರ್ಬಲವಾಗಿರುವವರಿಗೆ ಓಪಿಯಾಯ್ಡ್ ಸಿಗುತ್ತದೆ. ಹೀಗೆ ಬೀಳುವ ಸಾಧ್ಯತೆ ಮೊದಲೇ ಹೆಚ್ಚಿದ್ದವರು ಓಪಿಯಾಯ್ಡ್ ಗುಂಪಿನಲ್ಲಿ ಸೇರಿಕೊಂಡಿರುತ್ತಾರೆ, ಮತ್ತು ದಾಖಲೆಗಳಲ್ಲಿ ಕಾಣದ ದೌರ್ಬಲ್ಯವನ್ನು ಯಾವ ಲೆಕ್ಕಾಚಾರವೂ ಪೂರ್ತಿ ಸರಿದೂಗಿಸಲಾರದು. ಹಾಗೆಂದು ಎಲ್ಲವೂ ಅಪವಾದವೇ ಎಂದು ನಾನು ಒಪ್ಪುವುದಿಲ್ಲ, ಏಕೆಂದರೆ ಕಾಲ ಮತ್ತು ಪ್ರಮಾಣ ಎರಡೂ ಔಷಧದ ಕಡೆಗೇ ಬೆರಳು ತೋರಿಸುತ್ತವೆ. ಚುರುಕಾಗಿ ಕೆಲಸ ಮಾಡುವ ಓಪಿಯಾಯ್ಡ್ ಮಾತ್ರೆಗಳಲ್ಲಿ ಮುರಿತದ ಅಪಾಯ ಮೊದಲ ಎರಡು ವಾರಗಳಲ್ಲಿ ಅತಿ ಹೆಚ್ಚು ಎಂದು 2011ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಸ್ವೀಡನ್ನಿನ ದಾಖಲೆಗಳಲ್ಲಿಯೂ ಬಿದ್ದು ಗಾಯಗೊಳ್ಳುವವರು ಔಷಧ ಆರಂಭಿಸಿದ ಮೊದಲ ವಾರಗಳಲ್ಲಿಯೇ ಹೆಚ್ಚು. ಮೂಳೆ ಸವೆಯಲು ತಿಂಗಳು, ವರ್ಷಗಳು ಬೇಕು. ಮೊದಲ ವಾರದಲ್ಲಿಯೇ ಮುರಿತ ಹೆಚ್ಚುತ್ತದೆ ಎಂದರೆ ಅದು ಜೋಂಪು, ಬವಳಿ, ಎದ್ದು ನಿಂತಾಗ ಇಳಿಯುವ ರಕ್ತದೊತ್ತಡ, ತಡವಾಗುವ ಪ್ರತಿಕ್ರಿಯೆ ಇವುಗಳಿಂದಾದ ಬೀಳುವಿಕೆಯೇ ಹೊರತು ಬೇರೆಯಲ್ಲ.

ಮೂಳೆಯ ಮೇಲೆ ನೇರ ಪರಿಣಾಮವೂ ಇದೆ. ದೀರ್ಘಕಾಲದ ಓಪಿಯಾಯ್ಡ್ ಬಳಕೆ ಮೆದುಳಿನ ಹೈಪೋಥಲಾಮಸ್‌ನ ಸಂಕೇತವನ್ನು ಕುಗ್ಗಿಸಿ ಟೆಸ್ಟೋಸ್ಟಿರೋನ್ ಮತ್ತು ಈಸ್ಟ್ರೋಜೆನ್ ಹಾರ್ಮೋನುಗಳನ್ನು ಇಳಿಸುತ್ತದೆ, ಅವು ಇಳಿದರೆ ಮೂಳೆ ತೆಳುವಾಗುತ್ತದೆ. ಮೂಳೆ ಕಟ್ಟುವ ಜೀವಕೋಶಗಳ ಮೇಲೆಯೇ ಓಪಿಯಾಯ್ಡ್ ಗ್ರಾಹಕಗಳಿವೆ ಎಂಬುದನ್ನೂ ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ವರ್ಷಗಟ್ಟಲೆ ಬಲವಾದ ಓಪಿಯಾಯ್ಡ್ ತೆಗೆದುಕೊಳ್ಳುವ ಗಂಡಸರಲ್ಲಿ ಇದನ್ನು ಪರೀಕ್ಷಿಸಲೇಬೇಕು. ಮುಟ್ಟು ನಿಂತು ದಶಕಗಳಾದ ನಿಮ್ಮ ತಾಯಿಯವರಲ್ಲಿ, ಕೆಲವು ತಿಂಗಳ ಟ್ರಮಡಾಲ್‌ನಿಂದ, ಇದು ದೊಡ್ಡ ಮಾತಲ್ಲ.

ಅವರ ವಿಷಯದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಬೇರೆ. ಕ್ರಿಯಾಟಿನಿನ್ 1.4 ಎಂಬುದು ನೋಡಲು ಸಣ್ಣ ಅಂಕಿ. ಆದರೆ 78 ವರ್ಷದ, 52 ಕಿಲೋ ತೂಕದ ಹೆಂಗಸಿಗೆ ಅದನ್ನು ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಲ್ಲಿ ಹಾಕಿದರೆ ಮೂತ್ರಪಿಂಡದ ಶೋಧನಾ ಸಾಮರ್ಥ್ಯ ನಿಮಿಷಕ್ಕೆ ಸುಮಾರು 27 ಮಿಲಿಲೀಟರ್ ಬರುತ್ತದೆ. ಟ್ರಮಡಾಲ್ ಮತ್ತು ಯಕೃತ್ತಿನಲ್ಲಿ ಅದರಿಂದ ಹುಟ್ಟುವ, ಅದಕ್ಕಿಂತ ಬಲವಾದ ಓಪಿಯಾಯ್ಡ್ ಅಂಶ, ಎರಡೂ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಸಾಮರ್ಥ್ಯ 30ಕ್ಕಿಂತ ಕೆಳಗಿದ್ದರೆ ಎರಡು ಸೇವನೆಗಳ ನಡುವೆ 12 ಗಂಟೆ ಅಂತರವಿರಬೇಕು ಎಂಬುದು ಔಷಧದ ಅಧಿಕೃತ ಸೂಚನೆಯಲ್ಲಿಯೇ ಇದೆ. ದಿನಕ್ಕೆ ಮೂರು ಬಾರಿ ಕೊಡುತ್ತಿರುವುದರಿಂದ ಅದು ದೇಹದಲ್ಲಿ ಸೇರಿಕೊಳ್ಳುತ್ತಿರಬಹುದು. ಮೂತ್ರಪಿಂಡದ ಕಾರಣಕ್ಕೆ ಮಾತ್ರೆ ಬದಲಿಸಿದ ಮೇಲೆ ಹೊಸ ಮಾತ್ರೆಯ ಪ್ರಮಾಣವನ್ನೂ ಅದೇ ಮೂತ್ರಪಿಂಡಕ್ಕೆ ತಕ್ಕಂತೆ ಹೊಂದಿಸಬೇಕಿತ್ತು.

ಎರಡನೆಯದು ಸೋಡಿಯಂ. ಹೈಡ್ರೋಕ್ಲೋರೋಥಯಜೈಡ್ ರಕ್ತದ ಸೋಡಿಯಂ ಇಳಿಸುತ್ತದೆ, ಟ್ರಮಡಾಲ್ ಕೂಡ ಕೆಲವರಲ್ಲಿ ಇಳಿಸುತ್ತದೆ. ವಯಸ್ಸಾದ, ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಈ ಎರಡೂ ಕೂಡಿದಾಗ ಸೋಡಿಯಂ ಇಳಿದು, ನಡಿಗೆ ತೊಡರಿ, ಮಂಕು ಕವಿಯುವುದನ್ನು ನಾವು ವಾರ್ಡುಗಳಲ್ಲಿ ಪದೇ ಪದೇ ಕಾಣುತ್ತೇವೆ. ಮೂರನೆಯದು ಕ್ಲೋನಾಜೆಪಾಮ್. ಅಮೆರಿಕದ ವೃದ್ಧರೋಗ ತಜ್ಞರ ಸಂಘ ಪ್ರಕಟಿಸುವ ಬಿಯರ್ಸ್ ಪಟ್ಟಿ, ಓಪಿಯಾಯ್ಡ್ ಜೊತೆ ಈ ಜಾತಿಯ ನಿದ್ರೆಮಾತ್ರೆಗಳನ್ನು ಕೊಡಬಾರದೆನ್ನುತ್ತದೆ. ಹಿಂದೆ ಬಿದ್ದವರಿಗೆ ಅಥವಾ ಮೂಳೆ ಮುರಿದುಕೊಂಡವರಿಗೆ, ಹೊಸ ಮುರಿತದಂತಹ ತೀವ್ರ ನೋವಿನ ಸಂದರ್ಭ ಬಿಟ್ಟು, ಓಪಿಯಾಯ್ಡ್ ಕೊಡಬಾರದೆಂದೂ ಅದೇ ಪಟ್ಟಿ ಹೇಳುತ್ತದೆ. ನಿಮ್ಮ ತಾಯಿ ಎರಡೂ ಸಾಲುಗಳಲ್ಲಿ ಬರುತ್ತಾರೆ. ಕೊನೆಗೆ ಆ ಸಿನ್ನಾರಿಜಿನ್. ಟ್ರಮಡಾಲ್ ತಂದ ತಲೆ ಸುತ್ತಿಗೆ ಟ್ರಮಡಾಲ್ ಇಳಿಸುವುದು ಮದ್ದು. ಅದರ ಮೇಲೆ ಸಿನ್ನಾರಿಜಿನ್ ಹೇರಿದರೆ ಜೋಂಪು ಇನ್ನಷ್ಟು ಹೆಚ್ಚುತ್ತದೆ, ತಿಂಗಳುಗಟ್ಟಲೆ ನಡೆದರೆ ಪಾರ್ಕಿನ್ಸನ್ ಕಾಯಿಲೆಯಂತೆಯೇ ಕೈ ನಡುಗಿ, ಹೆಜ್ಜೆ ಕಿರಿದಾಗುವುದೂ ಉಂಟು. ನಮ್ಮಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ನಡುಕವೆಂದು ಬರುವ ಹಿರಿಯರ ಚೀಟಿಯಲ್ಲಿ ನಾನು ಮೊದಲು ಹುಡುಕುವುದೇ ಸಿನ್ನಾರಿಜಿನ್ ಮತ್ತು ವಾಕರಿಕೆ, ತಲೆ ಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್‌ಗಳನ್ನು.

ಆದರೂ ನಾಳೆಯೇ ನಿಲ್ಲಿಸುವುದು ಬೇಡ. ತಿಂಗಳುಗಟ್ಟಲೆ ತೆಗೆದುಕೊಂಡ ಟ್ರಮಡಾಲ್ ಒಮ್ಮೆಲೇ ನಿಂತರೆ ಬೆವರು, ಭೇದಿ, ಚಡಪಡಿಕೆ, ನಿದ್ರಾಹೀನತೆ ಬರಬಹುದು. ಆ ಸ್ಥಿತಿಯಲ್ಲಿ ರಾತ್ರಿ ಹತ್ತು ಸಲ ಎದ್ದು ಓಡಾಡುವ ವೃದ್ಧೆ ಬೀಳದೆ ಇರುತ್ತಾರೆಯೇ?

ಮಾತ್ರೆ_ಅಂಗಡಿ (ಉತ್ತರ)

ವೈದ್ಯರು ಹೇಳಿದ್ದರ ಜೊತೆಗೆ, ಔಷಧದ ಅಂಗಡಿಯ ಕಟ್ಟೆಯ ಈಚೆಗೆ ನಿಂತು ಕಾಣುವ ಕೆಲವು ಸಂಗತಿಗಳನ್ನು ಸೇರಿಸಬೇಕೆನಿಸಿತು. ನಾನು ಔಷಧಶಾಸ್ತ್ರ ಓದಿ ಶಿವಮೊಗ್ಗದ ಕಡೆ ಅಂಗಡಿ ನಡೆಸುತ್ತಿದ್ದೇನೆ.

ಟ್ರಮಡಾಲ್ 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯಲ್ಲಿದೆ. ಮಾರಿದಾಗ ರೋಗಿಯ ಹೆಸರು, ವೈದ್ಯರ ಹೆಸರು, ಪ್ರಮಾಣ ಬರೆದಿಟ್ಟು ಆ ಪುಸ್ತಕವನ್ನು ಮೂರು ವರ್ಷ ಕಾಯ್ದಿಡಬೇಕು. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ಮಾದಕ ವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೂ ತಂದಿತು. ಈ ಕಟ್ಟುಪಾಡುಗಳು ದುರ್ಬಳಕೆ ತಡೆಯಲೆಂದು ಬಂದವು, ಸರಿಯೇ. ಆದರೆ ವೃದ್ಧರೊಬ್ಬರು ಬೀಳುವುದನ್ನು ಇವು ತಡೆಯುವುದಿಲ್ಲ, ಏಕೆಂದರೆ ಅವರ ಚೀಟಿ ಕ್ರಮಬದ್ಧವಾಗಿಯೇ ಇರುತ್ತದೆ. ತೊಂದರೆ ಇರುವುದು ಚೀಟಿಗಳು ಒಂದಕ್ಕಿಂತ ಹೆಚ್ಚಿರುವುದರಲ್ಲಿ.

ಮಂಡಿಗೆ ಒಬ್ಬ ವೈದ್ಯರು, ಸೊಂಟದ ನರಕ್ಕೆ ಇನ್ನೊಬ್ಬರು, ನಿದ್ರೆಗೆ ಮತ್ತೊಬ್ಬರು. ಒಂದೇ ಟ್ರಮಡಾಲ್ ಎರಡು ಬ್ರಾಂಡಿನ ಹೆಸರಿನಲ್ಲಿ ಎರಡು ಚೀಟಿಯಲ್ಲಿ ಬಂದದ್ದನ್ನು ನಾನು ಹಿಡಿದು ಹಿಂದಿರುಗಿಸಿದ್ದುಂಟು. ಅದಕ್ಕಿಂತಲೂ ಸಾಮಾನ್ಯವಾಗಿ ಕಣ್ಣು ತಪ್ಪಿಸುವುದು ಕೂಡುಮಾತ್ರೆಗಳು: ಕಾಲು ಉರಿಗೆಂದು ಕೊಡುವ ಪ್ರೀಗ್ಯಾಬಲಿನ್ ಮತ್ತು ನಾರ್ಟ್ರಿಪ್ಟಿಲಿನ್ ಒಂದೇ ಗುಳಿಗೆಯಲ್ಲಿ, ಬೆನ್ನು ಹಿಡಿತಕ್ಕೆ ಸ್ನಾಯು ಸಡಿಲಿಸುವ ಔಷಧ ಇನ್ನೊಂದರಲ್ಲಿ, ಕೆಮ್ಮಿಗೆ ಕೊಡೀನ್ ಇರುವ ಸಿರಪ್ ಮೇಲಿಂದ ಮೇಲೆ. ಮನೆಯವರ ಲೆಕ್ಕಕ್ಕೆ ಅವು ಎರಡು ಮಾತ್ರೆ ಮತ್ತು ಒಂದು ಸಿರಪ್. ಮೆದುಳಿನ ಲೆಕ್ಕಕ್ಕೆ ಜೋಂಪು ತರುವ ನಾಲ್ಕೈದು ಔಷಧಗಳು. ಗಂಡಸರಾದರೆ ಪ್ರಾಸ್ಟೇಟ್‌ಗೆಂದು ರಾತ್ರಿ ಕೊಡುವ ಟ್ಯಾಮ್ಸುಲೋಸಿನ್ ಎದ್ದು ನಿಂತಾಗಿನ ರಕ್ತದೊತ್ತಡವನ್ನು ಇನ್ನಷ್ಟು ಇಳಿಸುತ್ತದೆ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಚೀಟಿಯನ್ನಷ್ಟೇ ಒಯ್ಯಬೇಡಿ. ಮನೆಯಲ್ಲಿರುವ ಅಷ್ಟೂ ಸ್ಟ್ರಿಪ್, ಬಾಟಲಿ, ಪುಡಿ, ಎಣ್ಣೆಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.

ಪುಡಿ ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಸಂತೆಯಲ್ಲಿ, ಅಂಚೆಯಲ್ಲಿ, ಈಗೀಗ ಮೊಬೈಲಿನ ಜಾಹೀರಾತಿನಲ್ಲಿ ಮಂಡಿನೋವಿಗೆಂದು ಸಿಗುವ ಹೆಸರಿಲ್ಲದ ಪುಡಿ, ಗುಳಿಗೆಗಳು ಎರಡೇ ದಿನದಲ್ಲಿ ನೋವು ಮಾಯ ಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ. ಟ್ರಮಡಾಲ್ ಬೀಳಿಸಬಹುದು, ಸ್ಟಿರಾಯ್ಡ್ ಮೂಳೆಯನ್ನೇ ತಿಂದು ಹಾಕುತ್ತದೆ. ಎರಡೂ ಒಟ್ಟಿಗೆ ನಡೆದಿರುವ ಮನೆಗಳಿವೆ. ಅಂತಹ ಪುಡಿಯನ್ನು ಬಹುಕಾಲ ಸೇವಿಸಿದ್ದರೆ ಅದನ್ನೂ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರಿಗೆ ಹೇಳಿಯೇ ನಿಲ್ಲಿಸಬೇಕು.

ಇನ್ನೊಂದು ಸಣ್ಣ ಮಾತು. ಟ್ರಮಡಾಲ್ ಕೂಡುಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಇದೆ ಎಂಬುದನ್ನು ಮರೆತು ಜ್ವರ ಬಂದಾಗ 650ರ ಪ್ಯಾರಾಸಿಟಮಾಲ್ ಬೇರೆ ಕೊಡುತ್ತಾರೆ. ಅದನ್ನೂ ಕೂಡಿಸಿ ಲೆಕ್ಕ ಹಾಕಿ.

ಶುಶ್ರೂಷಕಿ_ಮಂಗಳೂರು (ಉತ್ತರ)

ಮೇಲಿನ ಎರಡೂ ಉತ್ತರಗಳು ನಿಮ್ಮ ತಾಯಿಯವರಿಗೆ ಹೊಂದುತ್ತವೆ. ಆದರೆ ಇದನ್ನು ಓದುವ ಬೇರೆಯವರು ಓಪಿಯಾಯ್ಡ್ ಎಂದರೆ ಮೂಳೆ ಮುರಿಯುವ ವಿಷ ಎಂದು ತಿಳಿದು, ತಂದೆ ತಾಯಿಯ ಮಾರ್ಫಿನ್ ಮಾತ್ರೆಯನ್ನು ಕಸಕ್ಕೆ ಎಸೆಯಬಾರದು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ. ನಾನು ಉಪಶಾಮಕ ಆರೈಕೆಯಲ್ಲಿ, ಅಂದರೆ ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯಲ್ಲಿ, ಕೆಲಸ ಮಾಡುವ ದಾದಿ.

ನೋವೂ ಬೀಳಿಸುತ್ತದೆ. ಬಾಸ್ಟನ್‌ನಲ್ಲಿ 70 ವರ್ಷ ದಾಟಿದ 749 ಜನರನ್ನು ಹದಿನೆಂಟು ತಿಂಗಳು ಹಿಂಬಾಲಿಸಿ, ಬಿದ್ದ ದಿನವನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ ಮಾಡಿದ ಅಧ್ಯಯನ 2009ರಲ್ಲಿ ಬಂತು: ಒಂದಕ್ಕಿಂತ ಹೆಚ್ಚು ಕೀಲುಗಳಲ್ಲಿ ನೋವಿರುವವರು ನೋವಿಲ್ಲದವರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಬಾರಿ ಬಿದ್ದರು. ನೋವಿಗೆ ಹೆದರಿ ಕೂತವರ ತೊಡೆಯ ಸ್ನಾಯು ಕರಗುತ್ತದೆ, ಸ್ನಾಯು ಕರಗಿದವರಿಗೆ ಎದ್ದು ನಿಲ್ಲುವುದೇ ಅಪಾಯವಾಗುತ್ತದೆ. ಮಾತ್ರೆ ನಿಲ್ಲಿಸಿದ್ದರಿಂದ ಬಿದ್ದವರ ಲೆಕ್ಕವನ್ನು ಯಾರೂ ಹಾಗೆಂದು ಬರೆದಿಡುವುದಿಲ್ಲ.

ಮೂಳೆ ಮುರಿದ ಮೇಲಿನ ಮಾತು ಇನ್ನೂ ಮುಖ್ಯ. ಸೊಂಟದ ಮೂಳೆ ಮುರಿದ ಅಜ್ಜಿಗೆ ಮಾರ್ಫಿನ್ ಕೊಟ್ಟರೆ ಬುದ್ಧಿ ಭ್ರಮಣೆಯಾಗುತ್ತದೆ ಎಂದು ಹೆದರಿ ಕೊಡದೆ ಇರುವುದನ್ನು ನಾನು ಕಂಡಿದ್ದೇನೆ. ನ್ಯೂಯಾರ್ಕ್‌ನ ಆಸ್ಪತ್ರೆಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದಕ್ಕೆ ತಿರುಗುಮುರುಗಾದದ್ದು ಕಂಡಿತು: ಸೊಂಟದ ಮೂಳೆ ಮುರಿದವರಲ್ಲಿ ತೀರಾ ಕಡಿಮೆ ಓಪಿಯಾಯ್ಡ್ ಪಡೆದವರಿಗೇ ಭ್ರಮಣೆ ಹೆಚ್ಚು ಬಂತು, ಏಕೆಂದರೆ ತಣಿಯದ ನೋವೇ ಮನಸ್ಸನ್ನು ಕೆಡಿಸುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸಾ ಸಲಹೆಗಳನ್ನು ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ ಸೊಂಟದ ಮುರಿತಕ್ಕೆ ಪ್ಯಾರಾಸಿಟಮಾಲ್, ಸಾಲದಿದ್ದರೆ ಓಪಿಯಾಯ್ಡ್, ಅದರ ಜೊತೆ ತೊಡೆಯ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಎನ್ನುತ್ತದೆ. ಉರಿಯೂತ ನಿವಾರಕ ಬೇಡವೆನ್ನುತ್ತದೆ. ನಮ್ಮ ಊರುಗಳಲ್ಲಿ ಆ ನರದ ಚುಚ್ಚುಮದ್ದನ್ನು ಕೊಡಬಲ್ಲ ಅರಿವಳಿಕೆ ತಜ್ಞರಿದ್ದೂ, ಕೇಳುವವರಿಲ್ಲದೆ ಅದು ಎಷ್ಟೋ ಕಡೆ ನಡೆಯುವುದಿಲ್ಲ. ಕೇಳಿ ಪಡೆಯಿರಿ, ಅದರಿಂದ ಮಾರ್ಫಿನ್ ಕಡಿಮೆ ಸಾಕಾಗುತ್ತದೆ.

ಕ್ಯಾನ್ಸರ್ ಮೂಳೆಗೆ ಹರಡಿದವರ ಲೆಕ್ಕವೇ ಬೇರೆ. ಅಂತಹವರಿಗೆ ಮಾರ್ಫಿನ್ ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕ ವಸ್ತು ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ತಂದು ಪರವಾನಗಿಯ ಗೋಜಲನ್ನು ಕಡಿಮೆ ಮಾಡಿದರು. ಅವರ ಮನೆಯವರಿಗೆ ನಾನು ಹೇಳುವುದು, ಔಷಧ ಕೊಡಿ, ಆದರೆ ಆರಂಭಿಸಿದ ದಿನಗಳಲ್ಲಿ ಮತ್ತು ಪ್ರಮಾಣ ಏರಿಸಿದ ಪ್ರತಿ ಬಾರಿ ರಾತ್ರಿ ಒಬ್ಬರು ಪಕ್ಕದಲ್ಲಿ ಮಲಗಿ. ಮಲಬದ್ಧತೆಗೆ ಮದ್ದನ್ನು ಮೊದಲ ದಿನದಿಂದಲೇ ಕೊಡಿ, ಏಕೆಂದರೆ ಮುಕ್ಕಿ ಎದ್ದಾಗ ಬವಳಿ ಬಂದು ಬೀಳುವುದು ಬಚ್ಚಲಿನಲ್ಲಿಯೇ. ಬ್ಯೂಪ್ರಿನಾರ್ಫಿನ್ ಎಂಬ ಓಪಿಯಾಯ್ಡ್‌ನ ಪಟ್ಟಿಯನ್ನು ಚರ್ಮಕ್ಕೆ ಹಚ್ಚಿದವರಿದ್ದರೆ ಅದರ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಕಾವಿಗೆ ಔಷಧ ಒಮ್ಮೆಲೇ ಹೆಚ್ಚು ಇಳಿಯುತ್ತದೆ. ಮಲೆನಾಡಿನ ಚಳಿಯಲ್ಲಿ ಒಲೆಯ ಮುಂದೆ ಬೆನ್ನು ಕಾಯಿಸುತ್ತಾ ಕೂರುವವರಿಗೂ ಇದು ಅನ್ವಯ.

ಹೇಮಾವತಿ_ದಂಡೆ

ಮೂವರಿಗೂ ಕೃತಜ್ಞತೆಗಳು. ಚೀಲದ ಸಲಹೆಯಂತೆ ಎಲ್ಲವನ್ನೂ ಒಟ್ಟುಮಾಡಿದಾಗ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಕೂಡ ಸಿಕ್ಕಿತು. ಪುಡಿ ಯಾವುದೂ ಇಲ್ಲ. ಮುಂದಿನ ವಾರ ವೈದ್ಯರನ್ನು ಕಾಣಲಿದ್ದೇವೆ. ಯಾವ ಮಾತ್ರೆಯನ್ನು ಮೊದಲು ಇಳಿಸುವಂತೆ ಕೇಳಬೇಕು, ನೋವಿಗೆ ಬದಲಿ ಏನು, ಮತ್ತು ಮಣಿಕಟ್ಟು ಮುರಿದದ್ದಕ್ಕೂ ಈಗಿನ ಮಾತಿಗೂ ಸಂಬಂಧವಿದೆಯೇ ಎಂಬುದನ್ನು ಹಿರಿಯರ ವೈದ್ಯರು ಬರೆದರೆ ಉಪಕಾರವಾಗುತ್ತದೆ.

ಮುಪ್ಪಿನ_ವೈದ್ಯ

ಶುಶ್ರೂಷಕಿಯವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅವರು ಹೇಳಿದ ನೋವುಗಳಿಗೂ ಸವೆದ ಮಂಡಿಯ ನೋವಿಗೂ ಇರುವ ವ್ಯತ್ಯಾಸವೇ ಇಲ್ಲಿ ನಿರ್ಣಾಯಕ. ಮಂಡಿ ಸವೆತಕ್ಕೆ ಟ್ರಮಡಾಲ್ ಎಷ್ಟು ಉಪಯುಕ್ತ ಎಂದು ಕಾಕ್ರೇನ್ ಸಂಸ್ಥೆ 2019ರಲ್ಲಿ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಹುಸಿಮಾತ್ರೆಗಿಂತ ಸರಾಸರಿಯಲ್ಲಿ ಹೇಳಿಕೊಳ್ಳುವಂತಹ ಲಾಭ ಕಾಣಲಿಲ್ಲ. ಅಮೆರಿಕದಲ್ಲಿ ಬೆನ್ನು, ಸೊಂಟ, ಮಂಡಿಗಳ ದೀರ್ಘಕಾಲದ ನೋವಿರುವ 240 ಮಾಜಿ ಸೈನಿಕರ ಮೇಲೆ ನಡೆದ 2018ರ ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ ಓಪಿಯಾಯ್ಡ್ ಪಡೆದವರ ಓಡಾಟ ಇತರರಿಗಿಂತ ಉತ್ತಮವಾಗಿರಲಿಲ್ಲ. ಒಂದು ಟಿಪ್ಪಣಿ ಸೇರಿಸಬೇಕು: ಆ ಪ್ರಯೋಗದಲ್ಲಿ ಟ್ರಮಡಾಲ್ ಅನ್ನು ಓಪಿಯಾಯ್ಡ್ ಅಲ್ಲದ ಗುಂಪಿನ ಕೊನೆಯ ಮೆಟ್ಟಿಲಿನಲ್ಲಿ ಇಟ್ಟಿದ್ದರು, ಆದ್ದರಿಂದ ಅದನ್ನು ಟ್ರಮಡಾಲ್ ವಿರುದ್ಧದ ನೇರ ಸಾಕ್ಷಿಯಾಗಿ ಬಳಸಲಾಗದು. ನಿಮ್ಮ ತಾಯಿಗೆ ನೋವು ತಗ್ಗಿದೆ ಎಂದಿದ್ದೀರಿ. ಸರಾಸರಿ ಏನೇ ಹೇಳಲಿ, ಅವರ ಅನುಭವವನ್ನು ತಳ್ಳಿಹಾಕುವಂತಿಲ್ಲ. ಪ್ರಮಾಣ ಇಳಿಸಿ ನೋಡಿದಾಗ ಎಷ್ಟು ನೋವು ಮರಳುತ್ತದೆ ಎಂಬುದೇ ಉತ್ತರ ಕೊಡುತ್ತದೆ.

ಕ್ರಮದ ಬಗ್ಗೆ. ಹೋಗುವ ಮುನ್ನ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಂಡಿದ್ದರೆ ಒಂದೇ ಭೇಟಿಯಲ್ಲಿ ಕೆಲಸವಾಗುತ್ತದೆ. ಮನೆಯಲ್ಲಿ ರಕ್ತದೊತ್ತಡದ ಯಂತ್ರವಿದ್ದರೆ, ಐದು ನಿಮಿಷ ಮಲಗಿಸಿ ಒಮ್ಮೆ ಅಳೆದು, ಕೈ ಹಿಡಿದು ನಿಲ್ಲಿಸಿ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಬರೆದುಕೊಂಡು ಹೋಗಿ. ನಾನಾಗಿದ್ದರೆ ಸಿನ್ನಾರಿಜಿನ್ ಅನ್ನು ಮೊದಲು ಬಿಡಿಸುತ್ತಿದ್ದೆ. ಆಮೇಲೆ ಟ್ರಮಡಾಲ್ ಅನ್ನು ಮೂರರಿಂದ ಎರಡಕ್ಕೆ ತಂದು, 12 ಗಂಟೆ ಅಂತರವಿಟ್ಟು, ಒಂದೆರಡು ವಾರ ನೋಡಿ ಒಂದಕ್ಕೆ, ಮುಂದೆ ಸಾಧ್ಯವಾದರೆ ಪೂರ್ತಿ ಬಿಡಿಸುವ ದಾರಿ. ಕ್ಲೋನಾಜೆಪಾಮ್ ವರ್ಷಗಳಿಂದ ನಡೆದಿರುವುದರಿಂದ ಅದನ್ನು ಇದೇ ಹೊತ್ತಿನಲ್ಲಿ ಮುಟ್ಟುವುದು ಬೇಡ. ಟ್ರಮಡಾಲ್ ಮುಗಿದ ಮೇಲೆ, ತಿಂಗಳುಗಳ ಕಾಲ, ನಿಧಾನವಾಗಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಔಷಧ ಅದು. ಸೋಡಿಯಂ ಇಳಿದಿದ್ದರೆ ರಕ್ತದೊತ್ತಡದ ಮಾತ್ರೆಯಿಂದ ಹೈಡ್ರೋಕ್ಲೋರೋಥಯಜೈಡ್ ಭಾಗವನ್ನು ತೆಗೆಸಿ. ಪ್ಯಾಂಟೊಪ್ರಜೋಲ್ ಅನ್ನು ಅಸಿಕ್ಲೋಫೆನ್ಯಾಕ್‌ನ ಕಾರಣಕ್ಕೆ ಕೊಟ್ಟಿದ್ದರೆ ಈಗ ಅದರ ಅಗತ್ಯ ಉಳಿದಿದೆಯೇ ಎಂದು ಕೇಳಿ. ಬಹುಕಾಲ ಬಳಸಿದರೆ ಅದಕ್ಕೂ ಮೂಳೆ ಮುರಿತಕ್ಕೂ ನಂಟಿರಬಹುದೆಂಬ ವರದಿಗಳಿವೆ, ಆದರೆ ಟ್ರಮಡಾಲ್‌ನಷ್ಟು ತುರ್ತು ಅದರದ್ದಲ್ಲ.

ನೋವಿಗೆ ಮಾಂತ್ರಿಕ ಬದಲಿ ಇಲ್ಲ. ತೊಡೆಯ ಮುಂಭಾಗದ ಸ್ನಾಯುವಿಗೆ ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿ ತಜ್ಞರಿಂದ ಕಲಿಯುವುದು, ಮಂಡಿಗೆ ಡೈಕ್ಲೋಫೆನ್ಯಾಕ್ ಜೆಲ್ ಹಚ್ಚುವುದು (ರಕ್ತಕ್ಕೆ ಇಳಿಯುವುದು ನುಂಗುವ ಮಾತ್ರೆಗಿಂತ ಬಹಳ ಕಡಿಮೆ, ಆದರೂ ಕ್ರಿಯಾಟಿನಿನ್ ಮೇಲೆ ಕಣ್ಣಿರಲಿ), ನೋವು ಉಲ್ಬಣಿಸಿದಾಗ ಕೀಲಿನೊಳಗೆ ಸ್ಟಿರಾಯ್ಡ್ ಚುಚ್ಚುಮದ್ದು, ಸರಿಯಾದ ಎತ್ತರದ ವಾಕರ್, ಇವನ್ನೆಲ್ಲ ಒಟ್ಟುಗೂಡಿಸಬೇಕು. ಮಂಡಿ ಬದಲಾವಣೆಯ ಮಾತನ್ನು ವಯಸ್ಸಿನ ನೆಪದಲ್ಲಿ ಮುಚ್ಚಿಡಬೇಡಿ. ಅರಿವಳಿಕೆ ತಜ್ಞರು ಒಮ್ಮೆ ಪರೀಕ್ಷಿಸಿ ಹೇಳಲಿ. ರಾತ್ರಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ, ದಾರಿಯಲ್ಲಿ ಸಣ್ಣ ದೀಪ, ಬಚ್ಚಲಿನಲ್ಲಿ ಹಿಡಿಕೆ, ಇಷ್ಟನ್ನು ವೈದ್ಯರ ಭೇಟಿಗೆ ಕಾಯದೆ ಇಂದೇ ಮಾಡಿ.

ಮಣಿಕಟ್ಟಿನ ಪ್ರಶ್ನೆಗೆ ಬರುತ್ತೇನೆ, ಇಷ್ಟೂ ಮಾತಿನಲ್ಲಿ ಎಲ್ಲರೂ ಮರೆಯುವುದು ಅದನ್ನೇ. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ 50 ದಾಟಿದವರ ಮೂಳೆ ಮುರಿದರೆ ಅದು ಟೊಳ್ಳು ಮೂಳೆಯ ಲಕ್ಷಣವೆಂದೇ ಹಿಡಿಯಬೇಕು, ಮತ್ತು ಮುಂದಿನ ಮುರಿತವನ್ನು ತಡೆಯುವ ಚಿಕಿತ್ಸೆ ಆಗಲೇ ಶುರುವಾಗಬೇಕಿತ್ತು. ಈಗಲಾದರೂ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಮೂಳೆ ಸವೆತ ತಡೆಯಲು ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಆಗಲಿ, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೊನಿಕ್ ಆಮ್ಲವಾಗಲಿ, ಮೂತ್ರಪಿಂಡದ ಸಾಮರ್ಥ್ಯ 35ಕ್ಕಿಂತ ಕೆಳಗಿರುವ ನಿಮ್ಮ ತಾಯಿಗೆ ಸಲ್ಲುವುದಿಲ್ಲ. ಮೂತ್ರಪಿಂಡ ಗಟ್ಟಿಯಿರುವ ಬೇರೆ ಓದುಗರ ಮನೆಯವರಿಗೆ ಸಲ್ಲುತ್ತದೆ, ಮತ್ತು ಸೊಂಟದ ಮೂಳೆ ಮುರಿದವರಿಗೆ ಜೊಲೆಡ್ರೊನಿಕ್ ಆಮ್ಲ ಕೊಟ್ಟ 2007ರ ಪ್ರಯೋಗದಲ್ಲಿ ಹೊಸ ಮುರಿತಗಳು 13.9ರಿಂದ 8.6 ಪ್ರತಿಶತಕ್ಕೆ ಇಳಿದವು, ಸಾವುಗಳೂ ಕಡಿಮೆಯಾದವು. ನಿಮ್ಮ ತಾಯಿಗೆ ಉಳಿಯುವ ಮುಖ್ಯ ಆಯ್ಕೆ ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಕೊಡುವ 60 ಮಿಲಿಗ್ರಾಂ ಡೆನೋಸುಮ್ಯಾಬ್. ಅದಕ್ಕೆ ಎರಡು ಷರತ್ತುಗಳಿವೆ. ಮೂತ್ರಪಿಂಡ ಸೋತವರಲ್ಲಿ ಅದು ಕ್ಯಾಲ್ಸಿಯಂ ಅನ್ನು ಅಪಾಯಕಾರಿಯಾಗಿ ಇಳಿಸಬಲ್ಲದು, ಆದ್ದರಿಂದ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸರಿಪಡಿಸಿದ ಮೇಲೆಯೇ ಕೊಡಬೇಕು, ಕೊಟ್ಟ ಮೇಲೆ ಮತ್ತೆ ಪರೀಕ್ಷಿಸಬೇಕು. ಸಾಧ್ಯವಾದರೆ ಮೂತ್ರಪಿಂಡ ತಜ್ಞರ ಮಾತನ್ನೂ ಕೇಳಬೇಕು. ಇನ್ನೊಂದು, ಶುರು ಮಾಡಿದ ಮೇಲೆ ಮುಂದಿನ ಚುಚ್ಚುಮದ್ದನ್ನು ತಿಂಗಳುಗಟ್ಟಲೆ ತಡಮಾಡಿದರೆ ಬೆನ್ನೆಲುಬಿನ ಮೂಳೆಗಳು ಒಂದರ ಹಿಂದೊಂದು ಕುಸಿಯುವ ಅಪಾಯವಿದೆ. ಆದ್ದರಿಂದ ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಜವಾಬ್ದಾರಿಯನ್ನು ನೀವು ಅಥವಾ ನಿಮ್ಮ ತಮ್ಮ, ಒಬ್ಬರು ವಹಿಸಿಕೊಂಡ ಮೇಲೆಯೇ ಮೊದಲನೆಯದನ್ನು ಕೊಡಿಸಿ.